ಮೊದಲ ವರ್ಷದ ಪಾಠ ಕೊನೆಯ ವರ್ಷದ ವಾರ್ಡಿಗೆ ಹಿಂತಿರುಗುವುದು ಹೇಗೆ?

ಶರೀರಕ್ರಿಯಾಶಾಸ್ತ್ರದ ಅಧ್ಯಾಪಕಿ (ಚರ್ಚೆಯ ಆರಂಭ)

ಎಂ.ಬಿ.ಬಿ.ಎಸ್. ಪಾಠ ಹೇಳುತ್ತಿರುವವರು, ಓದುತ್ತಿರುವವರು, ಓದಿ ಮುಗಿಸಿ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವವರು, ಈ ಮೂವರ ಅಭಿಪ್ರಾಯವೂ ನನಗೆ ಬೇಕಾಗಿದೆ.

ಕಳೆದ ತಿಂಗಳು ಮೆಡಿಸಿನ್ ವಿಭಾಗದ ಸಹೋದ್ಯೋಗಿಗಳ ಒಪ್ಪಿಗೆ ಪಡೆದು ಅವರ ರೌಂಡ್ಸ್‌ಗೆ ಹೋಗಿದ್ದೆ. ಕೀಟನಾಶಕ ಕುಡಿದು ದಾಖಲಾಗಿದ್ದ, ನಲವತ್ತರ ಆಸುಪಾಸಿನ ರೈತರೊಬ್ಬರಿಗೆ ಅದು ಮೂರನೆಯ ದಿನ. ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬ ಕೇಸನ್ನು ಅಚ್ಚುಕಟ್ಟಾಗಿ ಒಪ್ಪಿಸಿದ: ಆರ್ಗನೋಫಾಸ್ಫೇಟ್ ವಿಷ, ಬಂದಾಗ ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಸೂಜಿಮೊನೆಯಷ್ಟಾಗಿದ್ದ ಕಣ್ಣಿನ ಪಾಪೆ, ಎದೆಯಲ್ಲಿ ಗೊರಗೊರ ಸದ್ದು, ಅಟ್ರೋಪಿನ್ ಕೊಟ್ಟ ಮೇಲೆ ಎದೆ ಒಣಗಿದೆ, ಪಾಪೆ ಹಿಗ್ಗಿದೆ, ನಾಡಿಬಡಿತ ಏರಿದೆ. ಔಷಧದ ಪ್ರಮಾಣವನ್ನೂ ಸರಿಯಾಗಿಯೇ ಹೇಳಿದ. ಆಗ ಯೂನಿಟ್ ಮುಖ್ಯಸ್ಥರು ರೋಗಿಯನ್ನು, "ಯಜಮಾನ್ರೇ, ದಿಂಬಿನಿಂದ ತಲೆ ಎತ್ತಿ ನೋಡೋಣ" ಎಂದು ಕೇಳಿಕೊಂಡರು. ಅವರ ಗದ್ದ ಒಂದಿಷ್ಟು ಅಲುಗಿತು, ಹಣೆ ಸುಕ್ಕುಗಟ್ಟಿತು, ತಲೆ ಮಾತ್ರ ದಿಂಬು ಬಿಟ್ಟು ಮೇಲೇಳಲಿಲ್ಲ. "ಅಟ್ರೋಪಿನ್ ಇಷ್ಟು ಚೆನ್ನಾಗಿ ಕೆಲಸ ಮಾಡಿರುವಾಗ ಕತ್ತು ಏಕೆ ಏಳುತ್ತಿಲ್ಲ?" ಎಂದು ನಾನು ಕೇಳಿದೆ. ಸುತ್ತ ನಿಂತಿದ್ದ ಹತ್ತು ವಿದ್ಯಾರ್ಥಿಗಳಲ್ಲಿ ಒಬ್ಬರೂ ಬಾಯಿ ತೆರೆಯಲಿಲ್ಲ.

ನನ್ನನ್ನು ಕಾಡಿದ್ದು ಉತ್ತರ ಬಾರದೇ ಹೋದದ್ದಲ್ಲ, ಆ ಉತ್ತರ ಅವರೆಲ್ಲರಿಗೂ ಒಂದು ಕಾಲಕ್ಕೆ ಗೊತ್ತಿತ್ತು ಎನ್ನುವುದು. ನರದ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವವನ್ನು ಈ ವಿಷ ತಡೆಯುತ್ತದೆ, ಹಾಗಾಗಿ ಅಸಿಟೈಲ್‌ಕೋಲಿನ್ ಮಿತಿಮೀರಿ ಸೇರುತ್ತದೆ, ಅದು ಕೂರುವ ಗ್ರಾಹಕಗಳಲ್ಲಿ ಎರಡು ಬಗೆಯಿವೆ, ಗ್ರಂಥಿ ಹಾಗೂ ಶ್ವಾಸನಾಳದಲ್ಲಿರುವವು ಮಸ್ಕರಿನಿಕ್, ನರ ಮತ್ತು ಸ್ನಾಯು ಸೇರುವಲ್ಲಿರುವವು ನಿಕೋಟಿನಿಕ್, ಅಟ್ರೋಪಿನ್ ತಡೆಯುವುದು ಮೊದಲನೆಯದನ್ನು ಮಾತ್ರ ಎಂಬುದನ್ನು ಅವರು ನನ್ನ ತರಗತಿಯಲ್ಲೇ ಬಣ್ಣದ ಪೆನ್ಸಿಲ್ಲಿನಲ್ಲಿ ಚಿತ್ರ ಬರೆದು ಕಲಿತಿದ್ದರು. ಕತ್ತು ಎತ್ತಲಾಗದ ರೋಗಿಯ ಉಸಿರಾಟದ ಸ್ನಾಯುಗಳೂ ಕೆಲವೇ ಗಂಟೆಗಳಲ್ಲಿ ಸೋಲಬಹುದು. ಮೊದಲ ಗಂಡಾಂತರ ಕಳೆದ ಬಳಿಕ, ಒಂದರಿಂದ ನಾಲ್ಕು ದಿನಗಳೊಳಗೆ ತಲೆದೋರುವ ಈ ಸ್ಥಿತಿಯನ್ನು ಶ್ರೀಲಂಕಾದ ವೈದ್ಯರು 1987ರಲ್ಲೇ ವಿವರಿಸಿ 'ಇಂಟರ್‌ಮೀಡಿಯೆಟ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಒಣಗಿದ ಎದೆಯನ್ನು ನೋಡಿ ಸಮಾಧಾನಪಟ್ಟುಕೊಂಡ ಇಂಟರ್ನ್, ದಿಂಬಿನ ಮೇಲಿನ ತಲೆಯನ್ನು ನೋಡದೆ ಮುಂದಿನ ಹಾಸಿಗೆಗೆ ಹೋದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ.

2019ರ ಆಗಸ್ಟ್‌ನಲ್ಲಿ ಸೇರಿದ ತಂಡದಿಂದ ದೇಶದಾದ್ಯಂತ ಸಾಮರ್ಥ್ಯಾಧಾರಿತ ಪಠ್ಯಕ್ರಮ ಜಾರಿಯಾಯಿತು. ಮೊದಲ ವರ್ಷದಲ್ಲೇ ರೋಗಿಗಳ ಪರಿಚಯವಾಗಲಿ ಎಂದು 90 ಗಂಟೆಗಳನ್ನು ಅದರಲ್ಲಿ ಮೀಸಲಿಡಲಾಯಿತು. ಅದರ ಫಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ರಕ್ತಹೀನತೆಯ ರೋಗಿಯ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ ಬಂದ ಮಕ್ಕಳು ಹಿಮೋಗ್ಲೋಬಿನ್ ಪಾಠವನ್ನು ಕೇಳುವ ರೀತಿಯೇ ಬೇರೆ. ಆದರೆ ಈ ದಾರಿಯಲ್ಲಿ ನಡಿಗೆ ಒಂದೇ ದಿಕ್ಕಿನದು. ಮೊದಲ ವರ್ಷದವರನ್ನು ವಾರ್ಡಿಗೆ ಕರೆದೊಯ್ಯುತ್ತಿದ್ದೇವೆ, ಮೊದಲ ವರ್ಷದ ವಿಜ್ಞಾನವನ್ನು ಕೊನೆಯ ವರ್ಷದ ವಾರ್ಡಿಗೆ ಕರೆತರುತ್ತಿಲ್ಲ. ನನ್ನ ಮಟ್ಟಿಗೆ, ಮೂಲವಿಜ್ಞಾನ ಮತ್ತು ಚಿಕಿತ್ಸಾಶಾಸ್ತ್ರಗಳ ಜೋಡಣೆಯಲ್ಲಿ ಹೆಚ್ಚು ಕಷ್ಟದ ಮತ್ತು ಹೆಚ್ಚು ಬೆಲೆಯುಳ್ಳ ಅರ್ಧ ಇದೇ. ನಿಮ್ಮ ಅನುಭವವೇನು?


ಅಂಗರಚನಾಶಾಸ್ತ್ರದ ನಿವೃತ್ತ ಪ್ರಾಧ್ಯಾಪಕ

ತಮ್ಮ ಕಳವಳವನ್ನು ಒಪ್ಪುತ್ತೇನೆ, ಆದರೆ 'ಜೋಡಣೆ' ಎಂಬ ಮಾತು ಕಿವಿಗೆ ಬಿದ್ದೊಡನೆ ನನ್ನಂಥವರಿಗೆ ಭಯವಾಗುತ್ತದೆ, ಅದಕ್ಕೆ ಕಾರಣವೂ ಇದೆ. ನಾನು ಓದುವಾಗ ಮೊದಲ ಹಂತ 18 ತಿಂಗಳಿತ್ತು. 1997ರ ನಿಯಮಾವಳಿ ಅದನ್ನು 12 ತಿಂಗಳಿಗೆ ಇಳಿಸಿತು. ಆಗಲೂ ಹೇಳಿದ್ದು ಇದೇ ಮಾತು: ಮಕ್ಕಳು ಬೇಗ ರೋಗಿಗಳ ಬಳಿಗೆ ಹೋಗಲಿ, ಅನಗತ್ಯ ವಿವರಗಳ ಹೊರೆ ಇಳಿಯಲಿ. ಇಳಿದದ್ದು ಹೊರೆ ಮಾತ್ರವಲ್ಲ, ಶವವಿಚ್ಛೇದನದ ಮೇಜಿನ ಬಳಿ ನಿಧಾನವಾಗಿ ಕಳೆಯಬೇಕಾದ ಹೊತ್ತೂ ಹೌದು. ಹೊಲಿಯುವುದಕ್ಕೆ ಮೊದಲು ಎರಡು ತುಂಡು ಬಟ್ಟೆಯಾದರೂ ಇರಬೇಕಲ್ಲವೇ? ಮೊಣಕೈಯ ಒಳಬದಿಯ ಎಲುಬಿನ ಹಿಂದೆ ಅಲ್ನಾರ್ ನರ ಹಾದುಹೋಗುವುದನ್ನು ಸ್ವತಃ ಬೆರಳಿನಿಂದ ಬಿಡಿಸಿ ನೋಡದ ವಿದ್ಯಾರ್ಥಿಗೆ, ಕುಷ್ಠರೋಗಿಯ ಮೊಣಕೈಯಲ್ಲಿ ಹಗ್ಗದಂತೆ ದಪ್ಪಗಾದ ಅದೇ ನರ ಬೆರಳಿಗೆ ಸಿಕ್ಕರೂ ಗುರುತು ಸಿಗುವುದಿಲ್ಲ. ಕಿರುಬೆರಳು ಮತ್ತು ಉಂಗುರದ ಬೆರಳು ಏಕೆ ಕೊಕ್ಕೆಯಂತೆ ಬಾಗಿವೆ, ಉಳಿದೆರಡು ಏಕೆ ಬಾಗಿಲ್ಲ ಎಂಬುದಕ್ಕೆ ಉತ್ತರ ಅಂಗೈಯೊಳಗಿನ ಪುಟ್ಟ ಸ್ನಾಯುಗಳಿಗೆ ಯಾವ ನರ ಹೋಗುತ್ತದೆ ಎಂಬುದರಲ್ಲಿದೆ. ಅದನ್ನು ಸ್ಲೈಡಿನಲ್ಲಿ ತೋರಿಸಿ ಮುಗಿಸಲಾಗದು.

ಇನ್ನೊಂದು ಮಾತು. ತಾವು ಮೆಚ್ಚಿದ ಆ 90 ಗಂಟೆಗಳು ಎಲ್ಲ ಕಡೆಯೂ ತಮ್ಮಲ್ಲಿ ನಡೆದಂತೆ ನಡೆಯಲಿಲ್ಲ. ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಒಂದೇ ಹಾಸಿಗೆಯ ಸುತ್ತ ಐವತ್ತು ಮಕ್ಕಳನ್ನು ನಿಲ್ಲಿಸಿದ್ದನ್ನು ನೋಡಿದೆ. ಹಿಂದಿನ ಸಾಲಿನವರಿಗೆ ರೋಗಿ ಕಾಣಿಸುತ್ತಿರಲಿಲ್ಲ, ಹಾಸಿಗೆಯಲ್ಲಿದ್ದ ಅಜ್ಜಿ ಸೆರಗನ್ನು ಮುಖಕ್ಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದರು. ಹಾಜರಿ ಪುಸ್ತಕದಲ್ಲಿ ಅದು ಎರಡು ಗಂಟೆಗಳ ಸಮನ್ವಯ ಪಾಠ.


ಜಿಲ್ಲಾ ಆಸ್ಪತ್ರೆಯ ಫಿಜಿಷಿಯನ್

ವಾರ್ಡಿನಲ್ಲಿ ಪಾಠ ಹೇಳುವವನಾಗಿ ನನ್ನ ಪಾಲಿನ ತಪ್ಪನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಕಾರ್ಯಕಾರಣವನ್ನು ನಾವು ಬಾಯಿಬಿಟ್ಟು ಹೇಳುವುದನ್ನೇ ನಿಲ್ಲಿಸಿದ್ದೇವೆ. ಬೆಳಗಿನ ರೌಂಡ್ಸ್‌ನಲ್ಲಿ ಐವತ್ತು ರೋಗಿಗಳು, ಆಮೇಲೆ ಹೊರರೋಗಿ ವಿಭಾಗದ ಸಾಲು. "ಇದನ್ನು ನಿಲ್ಲಿಸಿ, ಅದನ್ನು ಶುರುಮಾಡಿ" ಎನ್ನುವುದಷ್ಟೇ ವಿದ್ಯಾರ್ಥಿಯ ಕಿವಿಗೆ ಬೀಳುತ್ತದೆ. ಅದರ ಹಿಂದಿನ ಯೋಚನೆ ನನ್ನ ತಲೆಯಲ್ಲಿ ಅರೆಗಳಿಗೆಯಲ್ಲಿ ಹಾದುಹೋಗಿರುತ್ತದೆ, ಹೊರಗೆ ಬಂದಿರುವುದಿಲ್ಲ.

ತಾವು ಹೇಳಿದ ಅದೇ ಕಿಣ್ವದ ಇನ್ನೊಂದು ಮುಖವನ್ನು ನಮ್ಮಲ್ಲಿ ಮಳೆಗಾಲದಲ್ಲಿ ನೋಡುತ್ತೇವೆ. ನಾಗರಹಾವು ಕಚ್ಚಿದ ಒಬ್ಬರು, ಕಟ್ಟುಹಾವು ಕಚ್ಚಿದ ಒಬ್ಬರು ಅಕ್ಕಪಕ್ಕದ ಹಾಸಿಗೆಗಳಲ್ಲಿದ್ದರು ಎಂದುಕೊಳ್ಳಿ. ಇಬ್ಬರಿಗೂ ಕಣ್ಣಿನ ರೆಪ್ಪೆ ಜೋತುಬಿದ್ದಿದೆ, ಇಬ್ಬರಿಗೂ ಮಾತು ತೊದಲುತ್ತಿದೆ, ಇಬ್ಬರಿಗೂ ಪ್ರತಿವಿಷ ಹೋಗುತ್ತಿದೆ. ಅದರೊಂದಿಗೆ ಅಟ್ರೋಪಿನ್ ಕೊಟ್ಟು, ಆ ಕಿಣ್ವವನ್ನು ತಡೆಯುವ ನಿಯೋಸ್ಟಿಗ್ಮಿನ್ ಔಷಧ ಚುಚ್ಚಿದರೆ ನಾಗರ ಕಚ್ಚಿದವರ ರೆಪ್ಪೆ ಅರ್ಧ ಗಂಟೆಯೊಳಗೆ ಮೇಲೇಳುವುದನ್ನು ಕಾಣಬಹುದು, ಕಟ್ಟುಹಾವು ಕಚ್ಚಿದವರಲ್ಲಿ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಏಕೆಂದರೆ ನಾಗರದ ವಿಷ ಸ್ನಾಯುವಿನ ಬದಿಯ ಗ್ರಾಹಕವನ್ನು ಮುಚ್ಚಿ ಕೂರುತ್ತದೆ. ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನು ತಡೆದು ಅದರ ಪ್ರಮಾಣ ಹೆಚ್ಚಿಸಿದರೆ ಸ್ಪರ್ಧೆಯಲ್ಲಿ ಅದು ಗೆಲ್ಲಬಹುದು. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳುಮಾಡುತ್ತದೆ. ಹೊರಬರಲು ಅಸಿಟೈಲ್‌ಕೋಲಿನ್ ಇಲ್ಲದಿರುವಾಗ ಒಡೆಯುವುದನ್ನು ತಡೆದು ಪ್ರಯೋಜನವೇನು? ಆ ತುದಿ ಮತ್ತೆ ಬೆಳೆಯುವ ತನಕ ವೆಂಟಿಲೇಟರ್‌ನಲ್ಲಿ ಕಾಯಬೇಕು. ಹಾವು ಯಾವುದೆಂದು ಯಾರೂ ನೋಡಿರದಿದ್ದಾಗ, ರಾತ್ರಿ ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು ಬಂದಾಗ, ಈ ತಿಳಿವಳಿಕೆಯೇ ಕೈಹಿಡಿಯುತ್ತದೆ. ಇಲ್ಲಿ ನಾವು ಔಷಧವಾಗಿ ಚುಚ್ಚಿದ್ದು ಮಾಡುವ ಕೆಲಸವೂ, ತಮ್ಮ ರೈತರು ಕುಡಿದ ಕೀಟನಾಶಕ ಮಾಡಿದ ಕೆಲಸವೂ ಒಂದೇ: ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವವನ್ನು ತಡೆಯುವುದು. ಒಂದು ಕೆಲವು ಗಂಟೆಗಳಲ್ಲಿ ಬಿಟ್ಟುಹೋಗುತ್ತದೆ, ಇನ್ನೊಂದು ಅಂಟಿಕೊಂಡು ಉಳಿಯುತ್ತದೆ. ಈ ಎರಡು ಕೇಸುಗಳನ್ನು ಒಂದೇ ವಾರದಲ್ಲಿ ನೋಡಿದ ವಿದ್ಯಾರ್ಥಿಗೆ ಅವುಗಳ ಸಂಬಂಧವನ್ನು ಯಾರಾದರೂ ಹೇಳಿಕೊಡುತ್ತಾರೆಯೇ? ನಾನು ಹೇಳಿಕೊಟ್ಟಿರಲಿಲ್ಲ.


ಮೂರನೆಯ ಹಂತದ ವಿದ್ಯಾರ್ಥಿನಿ

ಹಿರಿಯರ ನಡುವೆ ಮಾತನಾಡುತ್ತಿದ್ದೇನೆ, ತಪ್ಪಿದ್ದರೆ ತಿದ್ದಬೇಕು. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಮೊದಲ ವರ್ಷದಲ್ಲಿ ಫಿಸಿಯಾಲಜಿ ನನಗೆ ಇಂಗ್ಲಿಷಿನಲ್ಲಿ ಬಂತು, ಎರಡು ವರ್ಷಗಳ ನಂತರ ರೋಗಿಗಳು ಕನ್ನಡದಲ್ಲಿ ಬಂದರು. ಇವೆರಡೂ ಒಂದೇ ದೇಹದ ವಿಷಯವೆಂದು ಹೊಳೆಯಲು ನನಗೆ ತುಂಬಾ ಸಮಯ ಹಿಡಿಯಿತು. ಹೃದಯ ವೈಫಲ್ಯದಲ್ಲಿ 'ಆರ್ಥಾಪ್ನಿಯಾ' ಇರುತ್ತದೆಂದು ಉರುಹೊಡೆದಿದ್ದೆ. ಒಬ್ಬ ಅಮ್ಮ, "ಅಡ್ಡ ಆದ್ರೆ ಉಸಿರು ಕಟ್ಟತ್ತೆ ಮಗ, ಗೋಡೆಗೆ ಒರಗಿ ಕೂತೇ ರಾತ್ರಿ ಕಳೀತೀನಿ" ಎಂದಾಗ ಅದನ್ನು 'ನಿದ್ರಾಹೀನತೆ' ಎಂದು ಬರೆದುಕೊಂಡೆ. ಮಲಗಿದಾಗ ಕಾಲು, ಹೊಟ್ಟೆಗಳ ರಕ್ತ ಎದೆಯ ಕಡೆಗೆ ಮರಳುತ್ತದೆ, ಸೋತ ಎಡಹೃದಯ ಅದನ್ನು ಮುಂದೆ ತಳ್ಳಲಾರದೆ ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ ಎಂಬುದು ನನಗೆ ಗೊತ್ತಿತ್ತು. ಆ ಅಮ್ಮ ಹೇಳಿದ್ದು ಅದನ್ನೇ ಎಂದು ಗೊತ್ತಾಗಲಿಲ್ಲ.

ಹೀಗೆಯೇ 'ಜೋಮು', 'ಮರಗಟ್ಟುವುದು', 'ಬಲ ಇಲ್ಲ' ಎಂಬ ಮೂರು ಮಾತುಗಳು. ಊರಿನಲ್ಲಿ ಎಲ್ಲರೂ ಇವನ್ನು ಬೇರೆ ಬೇರೆಯಾಗಿಯೇ ಬಳಸುತ್ತಾರೆ. ಕೇಸ್ ಶೀಟಿನಲ್ಲಿ ನಾವು ಮೂರನ್ನೂ 'ವೀಕ್‌ನೆಸ್' ಎಂದು ಬರೆದುಬಿಡುತ್ತೇವೆ, ಸಂವೇದನೆಯ ನರ ಯಾವುದು, ಚಲನೆಯ ನರ ಯಾವುದು ಎಂಬ ವಿಂಗಡಣೆ ಅಲ್ಲೇ ಕಳೆದುಹೋಗುತ್ತದೆ. ಮೂಲವಿಜ್ಞಾನದ ಅಧ್ಯಾಪಕರು ಪಾಠದ ನಡುವೆ "ಇದನ್ನೇ ರೋಗಿ ಹೀಗೆ ಹೇಳುತ್ತಾರೆ" ಎಂದು ಒಂದು ವಾಕ್ಯ ಸೇರಿಸಿದರೆ ನನ್ನಂಥವರಿಗೆ ಅದೇ ದೊಡ್ಡ ಸೇತುವೆ.

ಇನ್ನೊಂದು ಮಾತನ್ನೂ ಹೇಳಬೇಕು. ಅಂತಿಮ ವರ್ಷಕ್ಕೆ ಬರುವಷ್ಟರಲ್ಲಿ ನಮ್ಮ ಓದು ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್ ಪಿ.ಜಿ.ಯ ಕಡೆ ತಿರುಗಿರುತ್ತದೆ. ಸಂಜೆಯಿಡೀ ಫೋನಿನಲ್ಲಿ ಬಹುಆಯ್ಕೆ ಪ್ರಶ್ನೆಗಳನ್ನು ಬಿಡಿಸುತ್ತೇವೆ. ಅಲ್ಲಿ 'ಏಕೆ' ಎಂದು ಯೋಚಿಸುತ್ತ ಕುಳಿತರೆ ಸಮಯ ಮೀರುತ್ತದೆ ಎಂಬ ಭಯವಿದೆ.


ಅಂಗರಚನಾಶಾಸ್ತ್ರದ ನಿವೃತ್ತ ಪ್ರಾಧ್ಯಾಪಕ

ತಪ್ಪೇನೂ ಇಲ್ಲಮ್ಮ. 'ಜೋಮು' ಮತ್ತು 'ಬಲ ಇಲ್ಲ' ಎಂಬ ಭೇದವನ್ನು ಮೂವತ್ತು ವರ್ಷ ಪಾಠ ಹೇಳಿದ ನಾನು ತರಗತಿಯಲ್ಲಿ ಒಮ್ಮೆಯೂ ಆಡಿರಲಿಲ್ಲ. ಆಡಬಹುದಾಗಿತ್ತು.


ಬ್ರಿಟನ್ನಿನಲ್ಲಿ ಕೆಲಸ ಮಾಡುತ್ತಿರುವ ಕನ್ನಡಿಗ ವೈದ್ಯ

ಫಿಜಿಷಿಯನ್ ಅವರು ತಮ್ಮ ತಪ್ಪೆಂದು ಹೇಳಿಕೊಂಡದ್ದನ್ನು ನಾನು ತಪ್ಪೆನ್ನುವುದಿಲ್ಲ. ಅದು ಪರಿಣತಿಯ ಸ್ವಭಾವ. ನೆದರ್‌ಲ್ಯಾಂಡ್ಸ್‌ನ ಹೆನ್ನಿ ಬೋಶುಯ್ಜೆನ್ ಮತ್ತು ಹೆಂಕ್ ಶ್ಮಿಟ್ 1992ರಲ್ಲಿ ಇದನ್ನು ವಿವರಿಸಿದ್ದಾರೆ. ಅನುಭವ ಬೆಳೆದಂತೆ ಮೂಲವಿಜ್ಞಾನದ ವಿವರಗಳು ಮರೆತುಹೋಗುವುದಿಲ್ಲ, ಚಿಕಿತ್ಸೆಯ ಪರಿಕಲ್ಪನೆಗಳೊಳಗೆ ಮಡಚಿಕೊಂಡು ಕೂರುತ್ತವೆ; ಕಷ್ಟದ ಕೇಸು ಎದುರಾದಾಗ ತಜ್ಞರು ಆ ಮಡಿಕೆಯನ್ನು ಬಿಚ್ಚಬಲ್ಲರು. ವಿದ್ಯಾರ್ಥಿಗೆ ಕಾಣಿಸುವುದು ಮಡಚಿದ ರೂಪ ಮಾತ್ರ. ಹಾಗಾಗಿ ಬೋಧಕರು ತಮಗೆ ಅಗತ್ಯವಿಲ್ಲದಿದ್ದರೂ ಕಲಿಯುವವರ ಎದುರು ಅದನ್ನು ಬೇಕೆಂದೇ ಬಿಚ್ಚಿ ತೋರಿಸಬೇಕಾಗುತ್ತದೆ.

ಕೆನಡಾದ ನಿಕೋಲ್ ವುಡ್ಸ್, ಲೀ ಬ್ರೂಕ್ಸ್ ಮತ್ತು ಜೆಫ್ರಿ ನಾರ್ಮನ್ 2005ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಲ್ಲಿ ನೆನಪಾಗುತ್ತದೆ. ಒಂದು ಗುಂಪಿಗೆ ರೋಗಲಕ್ಷಣಗಳ ಪಟ್ಟಿ ಕಲಿಸಿದರು, ಇನ್ನೊಂದಕ್ಕೆ ಅವೇ ಲಕ್ಷಣಗಳನ್ನು ಅವುಗಳ ಕಾರಣದೊಂದಿಗೆ ಕಲಿಸಿದರು. ಕಲಿತ ಕೂಡಲೇ ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂದು ವಾರದ ಬಳಿಕ ಪರೀಕ್ಷಿಸಿದಾಗ ಕಾರಣ ಕಲಿತವರು ರೋಗನಿರ್ಣಯದಲ್ಲಿ ಮುಂದಿದ್ದರು. ವಿದ್ಯಾರ್ಥಿನಿಯ ಭಯಕ್ಕೆ ಇದರಲ್ಲಿ ಉತ್ತರವಿದೆ ಎಂದು ನನಗನಿಸುತ್ತದೆ: 'ಏಕೆ' ಎಂದು ಕೇಳಿಕೊಳ್ಳಲು ಕಳೆದ ಸಮಯ ವ್ಯರ್ಥವಲ್ಲ, ನೆನಪಿಗೆ ಗಂಟುಹಾಕಿದ ಸಮಯ.

ಪ್ರಾಧ್ಯಾಪಕರ ಆತಂಕವನ್ನೂ ಹಗುರವಾಗಿ ಕಾಣಲಾರೆ. ಎರಡು ವರ್ಷ ಪ್ರಯೋಗಾಲಯ, ಎರಡು ವರ್ಷ ಆಸ್ಪತ್ರೆ ಎಂಬ ವಿಂಗಡಣೆಯನ್ನು ಅಮೆರಿಕದಲ್ಲಿ ಗಟ್ಟಿಗೊಳಿಸಿದ್ದು 1910ರ ಫ್ಲೆಕ್ಸ್‌ನರ್ ವರದಿ. ಪ್ರಯೋಗಾಲಯವೇ ಇಲ್ಲದ ಕಾಲೇಜುಗಳು ತುಂಬಿದ್ದ ಕಾಲದಲ್ಲಿ ಅದು ದೊಡ್ಡ ಸುಧಾರಣೆಯಾಗಿತ್ತು. ಆ ಗೋಡೆಯನ್ನು ಒಡೆಯುವ ಕೆಲಸ 1952ರಲ್ಲಿ ಕ್ಲೀವ್‌ಲ್ಯಾಂಡಿನ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಅಂಗವ್ಯೂಹಗಳ ಪ್ರಕಾರ ಪಾಠ ಜೋಡಿಸುವುದರೊಂದಿಗೆ, 1969ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್‌ನಲ್ಲಿ ಸಮಸ್ಯೆಯಿಂದಲೇ ಕಲಿಕೆ ಆರಂಭಿಸುವುದರೊಂದಿಗೆ ನಡೆಯಿತು. ಬ್ರಿಟನ್ನಿನಲ್ಲಿ 1993ರಲ್ಲಿ ವೈದ್ಯರ ನಿಯಂತ್ರಣ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್, ವೈದ್ಯಕೀಯ ಪಾಠದಲ್ಲಿ ಮಾಹಿತಿಯ ಹೊರೆಯನ್ನು ಇಳಿಸಿ ಎಂದಿತು. ಆಮೇಲೆ ಹಲವು ವರ್ಷ ಇಲ್ಲಿನ ಶಸ್ತ್ರಚಿಕಿತ್ಸಕರು ಹೊಸ ವೈದ್ಯರ ಅಂಗರಚನಾ ಜ್ಞಾನ ತೆಳುವಾಗಿದೆ ಎಂದು ದೂರುತ್ತಲೇ ಬಂದರು. ಗೋಡೆ ಒಡೆಯುವ ಭರದಲ್ಲಿ ಕಂಬವನ್ನೂ ಕಳೆದುಕೊಳ್ಳಬಹುದು.

ಸ್ಕಾಟ್ಲೆಂಡಿನ ಡಂಡಿಯ ರೊನಾಲ್ಡ್ ಹಾರ್ಡನ್ 2000ದಲ್ಲಿ ಜೋಡಣೆಯನ್ನು 11 ಮೆಟ್ಟಿಲುಗಳ ಏಣಿಯಾಗಿ ಚಿತ್ರಿಸಿದ್ದು ಈ ಕಾರಣಕ್ಕೇ ನನಗೆ ಇಷ್ಟ. ಕೆಳಗಿನ ಮೆಟ್ಟಿಲಲ್ಲಿ ಪ್ರತಿಯೊಂದು ವಿಭಾಗ ಒಂಟಿಯಾಗಿದೆ, ಮೇಲಿನದರಲ್ಲಿ ವಿಷಯಗಳ ಗಡಿಯೇ ಇಲ್ಲ. ಎಲ್ಲರೂ ತುದಿಗೆ ಹತ್ತಲೇಬೇಕು ಎಂದು ಅವರು ಹೇಳುವುದಿಲ್ಲ. ಭಾರತದ 2019ರ ನಿಯಮಾವಳಿ ಕೂಡ ವಿಷಯಗಳನ್ನು ಕಾಲಕ್ಕೆ ತಕ್ಕಂತೆ ಹೊಂದಿಸಲು ಹೆಚ್ಚು ಒತ್ತು ಕೊಟ್ಟು, ಪೂರ್ಣ ಸಮನ್ವಯವನ್ನು ಶೇಕಡಾ 20ರ ಮಿತಿಯಲ್ಲಿಟ್ಟಿತು. ಅದು ವಿವೇಕದ ನಿರ್ಧಾರವೆಂದೇ ನನ್ನ ಭಾವನೆ.


ಔಷಧಶಾಸ್ತ್ರದ ಸಹ ಪ್ರಾಧ್ಯಾಪಕ

ಪರೀಕ್ಷೆ ಬದಲಾಗದೆ ಇದಾವುದೂ ನಿಲ್ಲುವುದಿಲ್ಲ. ಮೂರು ವಿಭಾಗದವರು ಸೇರಿ ಮಧುಮೇಹದ ಬಗ್ಗೆ ಒಂದು ದಿನದ ಸಮನ್ವಯ ಪಾಠ ನಡೆಸಿ, ಅದರ ಮೇಲಿನ ಪ್ರಶ್ನೆಯನ್ನು "ಇನ್ಸುಲಿನ್ನಿನ ಕ್ರಿಯೆಗಳನ್ನು ಬರೆಯಿರಿ" ಎಂದೇ ಕೇಳಿದರೆ ವಿದ್ಯಾರ್ಥಿ ಹಳೆಯ ನೋಟ್ಸನ್ನೇ ಓದುತ್ತಾನೆ, ಅದರಲ್ಲಿ ಅವನ ತಪ್ಪಿಲ್ಲ. ಅದರ ಬದಲು ಹೀಗೆ ಕೇಳಬಹುದು: ಮಧುಮೇಹ ಹದಗೆಟ್ಟು ರಕ್ತದಲ್ಲಿ ಆಮ್ಲ ಹೆಚ್ಚಾಗುವ ಕೀಟೋಅಸಿಡೋಸಿಸ್ ಆಗಿ ಬಂದ ಯುವತಿಯ ರಕ್ತದಲ್ಲಿ ಪೊಟ್ಯಾಸಿಯಂ ಸಹಜ ಮಟ್ಟದಲ್ಲೇ ಇದೆ, ಆದರೂ ಇನ್ಸುಲಿನ್ ಹನಿಯೊಂದಿಗೆ ಪೊಟ್ಯಾಸಿಯಮ್ಮನ್ನೂ ಕೊಡಲು ವೈದ್ಯರು ಹೇಳಿದರು, ಏಕೆ? ಇನ್ಸುಲಿನ್ನಿನ ಕೊರತೆಯಿಂದಾಗಿ ಪೊಟ್ಯಾಸಿಯಂ ಜೀವಕೋಶಗಳಿಂದ ಹೊರಬಂದಿದೆ, ಮೂತ್ರದೊಂದಿಗೆ ದಿನಗಟ್ಟಲೆ ಹರಿದುಹೋಗಿದೆ, ರಕ್ತದಲ್ಲಿ ಕಾಣುವ ಸಂಖ್ಯೆ ಒಳಗಿನ ಬರಿದನ್ನು ಮುಚ್ಚಿಟ್ಟಿದೆ, ಇನ್ಸುಲಿನ್ ಕೊಟ್ಟೊಡನೆ ಅದು ಕೋಶದೊಳಗೆ ನುಗ್ಗಿ ರಕ್ತದಲ್ಲಿ ಕುಸಿಯುತ್ತದೆ, ಹೃದಯದ ಲಯ ತಪ್ಪುತ್ತದೆ. ಈ ಒಂದು 'ಏಕೆ'ಯಲ್ಲಿ ಜೀವರಸಾಯನಶಾಸ್ತ್ರ, ಫಿಸಿಯಾಲಜಿ, ಫಾರ್ಮಕಾಲಜಿ, ಮೆಡಿಸಿನ್ ನಾಲ್ಕೂ ಇವೆ. ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆ ನಮ್ಮ ಕೈಯಲ್ಲಿಲ್ಲದಿರಬಹುದು. ಇಂಟರ್ನಲ್ಸ್ ಮತ್ತು ವಾರ್ಡ್ ಪೋಸ್ಟಿಂಗ್ ಕೊನೆಯ ವೈವಾ ನಮ್ಮ ಕೈಯಲ್ಲೇ ಇವೆ.


ಶರೀರಕ್ರಿಯಾಶಾಸ್ತ್ರದ ಅಧ್ಯಾಪಕಿ

ಎಲ್ಲರಿಗೂ ಕೃತಜ್ಞತೆಗಳು. ಮೊದಲು ಆ ರೋಗಿಯ ವಿಷಯ: ಅದೇ ಸಂಜೆ ಅವರ ಉಸಿರಾಟ ಸೋತಿತು. ಅಷ್ಟರಲ್ಲಾಗಲೇ ಐ.ಸಿ.ಯು.ಗೆ ಸಾಗಿಸಿದ್ದರಿಂದ ವೆಂಟಿಲೇಟರ್‌ಗೆ ಹಾಕಲು ತಡವಾಗಲಿಲ್ಲ. ಒಂಬತ್ತನೆಯ ದಿನ ತಾವಾಗಿ ಉಸಿರಾಡಿದರು, ಮನೋವೈದ್ಯರ ಸಲಹೆಯೂ ದೊರೆತು ಮನೆಗೆ ಮರಳಿದ್ದಾರೆ. ಕೇಸ್ ಒಪ್ಪಿಸಿದ ವಿದ್ಯಾರ್ಥಿ ಅಷ್ಟೂ ದಿನ ಬೆಳಿಗ್ಗೆ ಹೋಗಿ ಅವರ ಕತ್ತನ್ನು ಪರೀಕ್ಷಿಸುತ್ತಿದ್ದ.

ಇಲ್ಲಿ ಬಂದ ಮಾತುಗಳನ್ನು ಓದಿದ ಮೇಲೆ, ಮೆಡಿಸಿನ್ ಘಟಕದವರೊಂದಿಗೆ ಕುಳಿತು ಗುರುವಾರ ಮಧ್ಯಾಹ್ನದ ಒಂದು ಗಂಟೆಯನ್ನು ಕೇಳಿ ಪಡೆದಿದ್ದೇನೆ. ಒಂದು ಹಾಸಿಗೆ, ರೋಗಿಯ ಒಪ್ಪಿಗೆ, ಮೊದಲ ವರ್ಷದ ನಾಲ್ವರು ಮತ್ತು ಅಂತಿಮ ವರ್ಷದ ನಾಲ್ವರು, ಅದಕ್ಕಿಂತ ಹೆಚ್ಚು ಜನ ಬೇಡ. ಅಂತಿಮ ವರ್ಷದವರು ಲಕ್ಷಣವನ್ನು ಕಿರಿಯರಿಗೆ ತೋರಿಸಬೇಕು. ಮೊದಲ ವರ್ಷದವರು, ಪಾಠ ಇನ್ನೂ ಹಸಿಯಾಗಿರುವುದರಿಂದ, ಅದರ ಕಾರಣವನ್ನು ಹಿರಿಯರಿಗೆ ವಿವರಿಸಬೇಕು. ರೋಗಿ ಅದನ್ನು ಯಾವ ಮಾತಿನಲ್ಲಿ ಹೇಳಿದರೋ ಅದೇ ಮಾತಿನಲ್ಲಿ ಹಾಳೆಯ ಮೇಲೆ ಬರೆಯಬೇಕು. ಮೊದಲ ವಾರ ಸರಿಯಾಗಿ ನಡೆಯಲಿಲ್ಲ. ನಾನೇ ಹೆಚ್ಚು ಮಾತನಾಡಿಬಿಟ್ಟೆ, ಮಕ್ಕಳು ಬರೆದುಕೊಳ್ಳುತ್ತ ನಿಂತರು. ಎರಡನೆಯ ವಾರ ಕಾಲು, ಹೊಟ್ಟೆ ಊದಿದ್ದ ಯಕೃತ್ತಿನ ರೋಗಿಯ ಬಳಿ ನಾನು ಹಿಂದೆ ಸರಿದು ನಿಂತೆ. ಮೊದಲ ವರ್ಷದ ಹುಡುಗಿಯೊಬ್ಬಳು ಆಲ್ಬುಮಿನ್ ಎಂಬ ಪ್ರೋಟೀನು ಮತ್ತು ರಕ್ತನಾಳದೊಳಗಿನ ಆಸ್ಮಾಟಿಕ್ ಒತ್ತಡವನ್ನು ಬೆರಳಿನಲ್ಲಿ ಗಾಳಿಯಲ್ಲಿ ಗೆರೆ ಎಳೆದು ವಿವರಿಸಿದಳು. ಅಂತಿಮ ವರ್ಷದವನು ತಡೆದು, "ಹಾಗಾದರೆ ಹೊಟ್ಟೆಯಲ್ಲೇ ಏಕೆ ಇಷ್ಟೊಂದು ನೀರು, ಕೈಯಲ್ಲೇಕೆ ಇಲ್ಲ?" ಎಂದು ಕೇಳಿದ. ಕರುಳಿನಿಂದ ಯಕೃತ್ತಿಗೆ ಹೋಗುವ ಪೋರ್ಟಲ್ ರಕ್ತನಾಳದ ಒತ್ತಡದವರೆಗೆ ಅವರಿಬ್ಬರೂ ತಾವೇ ನಡೆದು ತಲುಪಿದರು.

ಪರೀಕ್ಷೆಯ ವಿಷಯದಲ್ಲಿ, ಪೋಸ್ಟಿಂಗ್ ಕೊನೆಯ ವೈವಾದಲ್ಲಿ ಒಂದು 'ಏಕೆ' ಪ್ರಶ್ನೆ ಕೇಳಲು ಘಟಕದವರು ಒಪ್ಪಿದ್ದಾರೆ, ಪೊಟ್ಯಾಸಿಯಂ ಪ್ರಶ್ನೆಯನ್ನು ನಿಮ್ಮ ಅನುಮತಿಯೊಂದಿಗೆ ಬಳಸುತ್ತೇವೆ. ಪ್ರಾಧ್ಯಾಪಕರಲ್ಲಿ ಒಂದು ಕೋರಿಕೆ: ರುಮ್ಯಾಟಿಕ್ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾದ ರೋಗಿಯೊಬ್ಬರು ನಮ್ಮಲ್ಲಿ ದಾಖಲಾಗಿದ್ದಾರೆ. ಧ್ವನಿ ಒಡೆದಿದೆ, ಗಟ್ಟಿ ಅನ್ನ ನುಂಗುವಾಗ ಎದೆಯಲ್ಲಿ ಸಿಕ್ಕಿದಂತಾಗುತ್ತದೆ ಎನ್ನುತ್ತಾರೆ. ಮಕ್ಕಳಿಗೆ ಇದನ್ನು ತಾವೇ ಹೇಳಿಕೊಡಬಹುದೇ?


ಅಂಗರಚನಾಶಾಸ್ತ್ರದ ನಿವೃತ್ತ ಪ್ರಾಧ್ಯಾಪಕ

ಖಂಡಿತ ಬರುತ್ತೇನೆ. ಹಿಗ್ಗಿದ ಎಡ ಹೃತ್ಕರ್ಣ ಬೆನ್ನಿಗೇ ಇರುವ ಅನ್ನನಾಳವನ್ನು ಒತ್ತುವುದನ್ನೂ, ಎಡಬದಿಯ ಧ್ವನಿಪೆಟ್ಟಿಗೆಯ ನರ ಮಹಾಪಧಮನಿಯ ಕಮಾನಿನ ಕೆಳಗೆ ಸುತ್ತಿ ಮೇಲೇರುವಾಗ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನೂ ಮಾತಿನಲ್ಲಿ ಹೇಳುವುದಕ್ಕಿಂತ ತೋರಿಸುವುದು ಮೇಲು. ಅಂದು ಒಂದೂವರೆಗೆ ವಿಚ್ಛೇದನ ಕೊಠಡಿಯನ್ನು ತೆರೆದಿಡಲು ಹೇಳಿ, ಎದೆಗೂಡು ಬಿಡಿಸಿದ ಒಂದು ಶರೀರ ಸಿದ್ಧವಿರಲಿ. ಎಂಟೂ ಮಕ್ಕಳು ಮೊದಲು ಆ ನರವನ್ನು ಬೆರಳಿನಿಂದ ಹಿಡಿದು ನೋಡಲಿ, ಅಲ್ಲಿಂದ ನೇರವಾಗಿ ವಾರ್ಡಿಗೆ ಹೋಗೋಣ.